ಲ್ಯಾಕ್ಸ್‌ಟನ್: ಬೇಲಿಯಿಲ್ಲದ ಹೊಲಗಳು ಉಳಿದ ಬಗೆ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಸೀಮೆಯ ಲ್ಯಾಕ್ಸ್‌ಟನ್‌ನಲ್ಲಿ ಮಧ್ಯಯುಗದ ತೆರೆದ ಹೊಲಗಳ ಬೇಸಾಯ ಇಂದಿಗೂ ನಡೆದಿದೆ. ವಿಶಾಲವಾದ ಹೊಲಗಳ ಒಳಗೆ ಬೇಲಿಯಿಲ್ಲ. ಒಬ್ಬೊಬ್ಬ ರೈತನ ಪಾಲೂ ಪಟ್ಟಿಪಟ್ಟಿಯಾಗಿ ಬೇರೆ ಬೇರೆ ಕಡೆ ಹಂಚಿಹೋಗಿದೆ. ಒಂದು ವರ್ಷ ಚಳಿಗಾಲದ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯ ವರ್ಷ ಬೀಳು ಎಂಬುದು ಇಲ್ಲಿನ ಸಾಂಪ್ರದಾಯಿಕ ಸರದಿ.

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳ ಬಲದಿಂದ ಇಂತಹ ಹೊಲಗಳು ಬಹುಪಾಲು ಖಾಸಗಿ ಬೇಲಿಗಳೊಳಗೆ ಸೇರಿದವು. ಲ್ಯಾಕ್ಸ್‌ಟನ್ ಮಾತ್ರ ಉಳಿದದ್ದಕ್ಕೆ ಹಳ್ಳಿಗರ ಸಂಪ್ರದಾಯಪ್ರೀತಿಯನ್ನು ಕಾರಣವಾಗಿ ಹೇಳುವುದುಂಟು. ನನಗೆ ಅದು ಸಾಲದು. ಒಡೆತನದ ಚರಿತ್ರೆಯನ್ನು ನೋಡಬೇಕು. ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್‌ಬರೊ ಎಂಬ ಇಬ್ಬರು ದೊಡ್ಡ ಭೂಮಾಲೀಕರ ಜಮೀನು ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿತ್ತು. ಹಂಚಿಕೆಯ ಬಗ್ಗೆ ಅವರಲ್ಲಿ ಒಮ್ಮತ ಮೂಡದೆ ಬೇಲಿಯ ಕೆಲಸ ಅರ್ಧಕ್ಕೇ ನಿಂತಿತು.

ನೆಲದ ಗುಣವನ್ನೂ ಮರೆಯುವಂತಿಲ್ಲ. ಇಲ್ಲಿನದು ಭಾರವಾದ ಜೇಡಿಮಣ್ಣು. ಹಸಿಯಾದರೆ ಅಂಟು, ಒಣಗಿದರೆ ಗಟ್ಟಿ. ಉಳಲಾಗದ ತಗ್ಗುಗಳು ಹೊಲದ ನಡುವೆಯೇ ಹುಲ್ಲುಗಾವಲಾಗಿ ಉಳಿದಿವೆ. 1635ರಲ್ಲಿ ಒಡೆಯ ವಿಲಿಯಂ ಕೋರ್ಟೀನ್‌ಗಾಗಿ ಮಾರ್ಕ್ ಪಿಯರ್ಸ್ ಬರೆದ, ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ನಕ್ಷೆ ಪ್ರತಿ ಪಟ್ಟಿಯನ್ನೂ ತೋರಿಸುತ್ತದೆ. ಉಳುವವರು, ಕುಯ್ಯುವವರು ಸಹ ಅದರಲ್ಲಿದ್ದಾರೆ. ಹಳ್ಳಿಯ ಕೃಷಿಚರಿತ್ರೆಗೆ ಇದಕ್ಕಿಂತ ಉದಾರವಾದ ದಾಖಲೆ ಸಿಗುವುದು ಅಪರೂಪ. ಆದರೆ ಇಂದಿನ ಹೊಲಗಳನ್ನು ಆ ನಕ್ಷೆಯ ಪಡಿಯಚ್ಚೆಂದು ಓದಬಾರದು: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದಾಗಿಸಲಾಯಿತು.

ಪದ್ಧತಿಯನ್ನು ನಿತ್ಯ ಕಾಯುವುದು 'ಕೋರ್ಟ್ ಲೀಟ್' ಎಂಬ ಊರ ನ್ಯಾಯಸಭೆ. ಪ್ರತಿ ವರ್ಷ ಚಳಿಗಾಲದ ಹೊಸ್ತಿಲಲ್ಲಿ ರೈತರ ಜೂರಿ ಗೋಧಿ ಬಿತ್ತಿದ ಹೊಲವನ್ನು ಸುತ್ತಿ ಗಡಿಗೂಟ ನೆಡುತ್ತದೆ. ದಾರಿಯನ್ನೋ ಹುಲ್ಲುಗಾವಲನ್ನೋ ಒತ್ತಿ ಉತ್ತವರಿಗೆ ಬಳಿಕ ಸಭೆಯಲ್ಲಿ ದಂಡ ಬೀಳುತ್ತದೆ. 1977ರ ಕಾಯ್ದೆ ದೇಶದ ಇಂತಹ ಪುರಾತನ ಸಭೆಗಳ ನ್ಯಾಯಾಧಿಕಾರವನ್ನು ಕಿತ್ತುಕೊಂಡಾಗ ಲ್ಯಾಕ್ಸ್‌ಟನ್ ಸಭೆಗೆ ಹೆಸರಿಸಿಯೇ ವಿನಾಯಿತಿ ಕೊಟ್ಟಿತು. ಒಡೆತನ 1952ರಲ್ಲಿ ಕೃಷಿ ಸಚಿವಾಲಯಕ್ಕೆ, ನಂತರ ಕ್ರೌನ್ ಎಸ್ಟೇಟ್‌ಗೆ, 2020ರಲ್ಲಿ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟ್‌ಗೆ ಮರಳಿತು. ಅಷ್ಟು ಕೈ ಬದಲಾದರೂ ಗಡಿಗೂಟ ನೆಡುವ ಹಕ್ಕು ಜೂರಿಯ ಬಳಿಯೇ ಇದೆ.