ಮರಣಶಾಸನದ ಭಾಷೆ: ಅಗಲಿದವರ ಮಾತಿಗೆ ಸಾಕ್ಷಿ

ಕ್ರಯಪತ್ರ, ದಾನಪತ್ರ, ಭೋಗ್ಯಪತ್ರಗಳು ಬರೆದುಕೊಟ್ಟವನು ಜೀವಿಸಿರುವಾಗಲೇ ಜಾರಿಗೆ ಬರುತ್ತವೆ. ಅವುಗಳ ವಿಷಯದಲ್ಲಿ ಸಂದೇಹ ಹುಟ್ಟಿದರೆ ಬರೆದುಕೊಟ್ಟವನನ್ನೇ ಕರೆದು ಕೇಳಬಹುದು. ಮರಣಶಾಸನವಾದರೋ ಕರ್ತೃವಿನ ಮರಣಾನಂತರವೇ ಊರ್ಜಿತವಾಗುತ್ತದೆ. 'ಇದು ನನ್ನ ಮಾತು ಹೌದು' ಎಂದಾಗಲಿ 'ಅಲ್ಲ' ಎಂದಾಗಲಿ ಹೇಳಲು ಆತನು ಆಗ ಇರುವುದಿಲ್ಲ. ಉಯಿಲು, ಪ್ರೊಬೇಟ್, ಎಕ್ಸಿಕ್ಯೂಟರ್ ಮೊದಲಾದ ಕಠಿಣ ಪದಗಳೆಲ್ಲವೂ ಈ ಒಂದು ಕೊರತೆಯನ್ನು ತುಂಬಿಕೊಡಲು ಹುಟ್ಟಿದವು ಎಂಬುದನ್ನು ಗ್ರಹಿಸಿದರೆ ಅವುಗಳ ಕಾಠಿಣ್ಯ ಬಹುಮಟ್ಟಿಗೆ ಸಡಿಲವಾಗುತ್ತದೆ.

ಪ್ರಾಚೀನ ಕನ್ನಡನಾಡಿನಲ್ಲಿ ಇಂದಿನ ಅರ್ಥದ ಉಯಿಲಿಗೆ ಹೆಚ್ಚಿನ ಅವಕಾಶವಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ 'ಮಿತಾಕ್ಷರಾ' ವ್ಯಾಖ್ಯಾನವು, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವುದೆಂದು ಪ್ರತಿಪಾದಿಸಿತು. ಹುಟ್ಟಿನಿಂದಲೇ ಒಡೆತನ ಹಂಚಿಹೋಗಿರುವಲ್ಲಿ, ಸಾಯುವ ತಂದೆಯು ಆ ಸ್ವತ್ತನ್ನು ತನ್ನ ಇಚ್ಛೆಯಂತೆ ವಿನಿಯೋಗಿಸುವುದು ಸಾಧ್ಯವಿಲ್ಲ. ಪುತ್ರಹೀನನಿಗೆ ಉಳಿದ ಮಾರ್ಗ ದತ್ತಕಸ್ವೀಕಾರ. ಅನ್ಯದೇಶಗಳಲ್ಲಿ ಉಯಿಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ದತ್ತಕವೇ ನೆರವೇರಿಸುತ್ತಿದ್ದಿತು.

ಆದುದರಿಂದಲೇ ಕಿತ್ತೂರಿನ ದುರಂತವು ಪ್ರಕೃತ ವಿಷಯಕ್ಕೆ ಸಂಬಂಧಪಟ್ಟುದಾಗಿದೆ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ಲಿಂಗೈಕ್ಯನಾದನು. ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡುದನ್ನು ತಿಳಿಸುವ ಆತನ ಪತ್ರವು ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ತಲುಪಿತು. ಆದರೆ ಥ್ಯಾಕರೆ ಆ ಪತ್ರದ ನೈಜತೆಯನ್ನೇ ಶಂಕಿಸಿ, ದತ್ತಕವನ್ನು ಮಾನ್ಯಮಾಡದೆ, ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿ ಕಾವಲಿರಿಸಿದನು. ಅದೇ ವರ್ಷ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದೊಡನೆ ನಡೆದ ಕಾಳಗದಲ್ಲಿ ಆತನು ಹತನಾದನು. ಅಗಲಿದವನ ಪತ್ರದ ಬಗ್ಗೆ ಸಂದೇಹ ಬರುವುದು ಅಸಹಜವೇನಲ್ಲ. ಆದರೆ ಇಲ್ಲಿ ಸಂದೇಹಿಸಿದವನೂ ತೀರ್ಪು ಕೊಟ್ಟವನೂ ಕಂಪನಿಯ ಅಧಿಕಾರಿಯೇ. ದತ್ತಕ ಬಿದ್ದುಹೋದರೆ ಸಂಸ್ಥಾನ ಸೇರುವುದೂ ಕಂಪನಿಗೇ. ಪತ್ರವನ್ನು ಸಾಕ್ಷಿಗಳ ಮುಖದಿಂದ ಪರೀಕ್ಷಿಸುವ ನಿಷ್ಪಕ್ಷಪಾತ ಪೀಠವೊಂದು ಕಿತ್ತೂರಿಗೆ ದೊರೆಯಲಿಲ್ಲ.

ಮುಂದೆ 1870ರ ಹಿಂದೂ ಉಯಿಲುಗಳ ಕಾಯಿದೆಯು ಬಂಗಾಳ ಪ್ರಾಂತ ಹಾಗೂ ಮದರಾಸು, ಮುಂಬಯಿ ನಗರಗಳಲ್ಲಿ ಹಿಂದೂಗಳ ಉಯಿಲಿಗೆ ನಿಯತರೂಪವನ್ನು ವಿಧಿಸಿತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಹಿಂದಿನ ಶಾಸನಗಳನ್ನು ಒಂದುಗೂಡಿಸಿತು. 1927ರ ಜನವರಿ 1ರಿಂದ ಈಚೆಗೆ ಬರೆದ ಇತರ ಹಿಂದೂ ಉಯಿಲುಗಳಿಗೂ ಆ ನಿಯಮಗಳು ಅನ್ವಯಿಸಿದವು. ಅದರಂತೆ ಕರ್ತೃವಿನ ರುಜುವಿಗೆ ಕನಿಷ್ಠ ಇಬ್ಬರ ಸಾಕ್ಷಿ ಬೇಕು. ಮಿತಾಕ್ಷರ ಅವಿಭಕ್ತ ಕುಟುಂಬದಲ್ಲಿನ ತನ್ನ ಹಿಸ್ಸೆಯನ್ನು ಉಯಿಲಿನ ಮೂಲಕ ಕೊಡುವ ಅಧಿಕಾರವು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಲಭಿಸಿತು.

ಪದಗಳ ವ್ಯುತ್ಪತ್ತಿಯೂ ಇದೇ ತತ್ತ್ವವನ್ನು ಸಾರುತ್ತದೆ. ಉಯಿಲಿಗೆ ಆಂಗ್ಲರಲ್ಲಿರುವ 'ಟೆಸ್ಟಮೆಂಟ್' ಎಂಬ ಹೆಸರಿಗೂ, ಸಾಕ್ಷಿ ಹಾಕುವುದನ್ನು ಸೂಚಿಸುವ 'ಅಟೆಸ್ಟೇಶನ್' ಎಂಬುದಕ್ಕೂ ಮೂಲ ಒಂದೇ: ಸಾಕ್ಷಿ ಎಂಬರ್ಥದ ಲ್ಯಾಟಿನ್ ಶಬ್ದ. 'ಪ್ರೊಬೇಟ್' ಎಂದರೆ ರುಜುವಾತು. ಉಯಿಲು ನಿಜವೆಂದು ನ್ಯಾಯಾಲಯವು ತನ್ನ ಮೊಹರಿನೊಡನೆ ಕೊಡುವ ಪ್ರಮಾಣಿತ ಪ್ರತಿ. ಕೆಲವು ಪ್ರದೇಶಗಳಲ್ಲಿ ಇದು ಕಡ್ಡಾಯವಾಗಿದ್ದಿತು. 2025ರಲ್ಲಿ ಸಂಸತ್ತು ಆ ಕಡ್ಡಾಯವನ್ನು ತೆಗೆದುಹಾಕಿತು. ಉಯಿಲನ್ನು ಕಾರ್ಯಗತಗೊಳಿಸಲು ಕರ್ತೃವೇ ನೇಮಿಸಿದವನು 'ಎಕ್ಸಿಕ್ಯೂಟರ್'. ಉಯಿಲಿಲ್ಲದೆ ಸತ್ತಾಗ ನ್ಯಾಯಾಲಯವು ನೇಮಿಸುವವನು ಆಡಳಿತಗಾರ. ಮೂಲ ಉಯಿಲಿಗೆ ಮುಂದೆ ಸೇರಿಸುವ ಅನುಬಂಧ 'ಕೊಡಿಸಿಲ್'. 'ಎಸ್ಟೇಟ್' ಎಂದೊಡನೆ ನಮ್ಮವರಿಗೆ ಮಲೆನಾಡಿನ ಕಾಫಿತೋಟ ನೆನಪಾಗುವುದು ಸಹಜ. ಇಲ್ಲಿ ಅದರ ಅರ್ಥ ಮೃತನು ಬಿಟ್ಟುಹೋದ ಸಮಸ್ತ ಸ್ವತ್ತು. ಆತನ ಸಾಲವನ್ನು ಮೊದಲು ತೀರಿಸಬೇಕಾದುದೂ ಇದರಿಂದಲೇ.

ಮೈಸೂರು ಹೈಕೋರ್ಟಿನಿಂದ ಬಂದ ಮೇಲ್ಮನವಿಯೊಂದರಲ್ಲಿ 1958ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪು ಈ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಕವಾಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರರು ಬರೆದ ಆ ತೀರ್ಪಿನ ಸಾರ ಹೀಗಿದೆ: ನಡುಗಿದ ರುಜು, ಕರ್ತೃವಿನ ದುರ್ಬಲ ಮನಃಸ್ಥಿತಿ, ಹತ್ತಿರದವರನ್ನು ಅಕಾರಣವಾಗಿ ಕೈಬಿಟ್ಟ ಹಂಚಿಕೆ, ಲಾಭ ಪಡೆಯುವವನೇ ಮುಂದೆ ನಿಂತು ಬರೆಯಿಸಿದುದು — ಇವೆಲ್ಲ ಸಂದೇಹಕ್ಕೆ ಕಾರಣಗಳು, ಉಯಿಲನ್ನು ಹಾಜರುಪಡಿಸಿದವನೇ ಅವನ್ನು ಪರಿಹರಿಸಬೇಕು. ಕಿತ್ತೂರಿನಲ್ಲಿ ಲಾಭದ ಪಕ್ಷದವನ ಸಂದೇಹವೇ ತೀರ್ಪಾಯಿತು. ಇಲ್ಲಿ ಲಾಭ ಪಡೆಯುವವನೇ ಸಂದೇಹಕ್ಕೆ ಉತ್ತರ ಹೇಳಬೇಕಾಯಿತು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಹಳೆಯ ಪತ್ರಗಳ ಒಕ್ಕಣೆಯು ವೃಥಾ ಶಬ್ದಾಡಂಬರವಲ್ಲವೆಂದು ತಿಳಿಯುತ್ತದೆ. 'ಸ್ವಸ್ಥಚಿತ್ತನಾಗಿ' ಎಂಬುದು ಬುದ್ಧಿ ಸ್ಥಿರವಿತ್ತೇ ಎಂಬ ಪ್ರಶ್ನೆಗೂ, 'ಯಾರ ಬಲಾತ್ಕಾರವೂ ಇಲ್ಲದೆ' ಎಂಬುದು ಒತ್ತಾಯವಿತ್ತೇ ಎಂಬ ಪ್ರಶ್ನೆಗೂ ಮುಂಚಿತವಾಗಿಯೇ ಕೊಟ್ಟ ಉತ್ತರಗಳು. ಆದರೆ ಉತ್ತರವನ್ನು ಬರೆದಿಟ್ಟ ಮಾತ್ರಕ್ಕೆ ಅದು ರುಜುವಾತಾಗದು. ಉಯಿಲಿನ ನೋಂದಣಿ ಕಡ್ಡಾಯವೂ ಅಲ್ಲ, ನೋಂದಣಿಯೊಂದೇ ಸಂದೇಹ ನಿವಾರಕವೂ ಅಲ್ಲ. ಕಣ್ಣಾರೆ ಕಂಡು ರುಜು ಹಾಕಿದ ಸಾಕ್ಷಿಯೊಬ್ಬನು ಮುಂದೊಂದು ದಿನ ನ್ಯಾಯಪೀಠದೆದುರು ನಿಂತು ನಿಜ ನುಡಿಯಬೇಕಾಗುತ್ತದೆ. ಆದುದರಿಂದ ಬಲ್ಲವರು ಉಯಿಲು ಬರೆಯುವಾಗ ತಮಗಿಂತ ಕಿರಿಯರೂ ಸತ್ಯವಂತರೂ ಆದವರನ್ನು ಸಾಕ್ಷಿಗೆ ಕರೆಯುತ್ತಾರೆ.