ಆ ಸುರುಳಿಗಳನ್ನು ಸುಟ್ಟುಹಾಕಿದ್ದರೆ?

ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಇತಿಹಾಸಕಾರರಿಗೂ ಈ ‘ರೆ’ ಎಂದರೆ ಅಷ್ಟಕ್ಕಷ್ಟೆ. ನಡೆದದ್ದನ್ನು ಅರಿಯುವುದೇ ಕಷ್ಟವಾಗಿರುವಾಗ ನಡೆಯದೇ ಹೋದದ್ದರ ಗೊಡವೆ ಏಕೆ ಎಂದು ಅವರು ಕೇಳುತ್ತಾರೆ. ಆದರೂ ಒಮ್ಮೊಮ್ಮೆ ಹಾಗೆ ಕೇಳಿಕೊಂಡಾಗಲೇ ನಿಜವಾದ ಕಾರಣ ಯಾವುದೆಂದು ಹೊಳೆಯುವುದುಂಟು. 1974ರ ಆಗಸ್ಟ್ 9ರಂದು ಅಧಿಕಾರ ಬಿಟ್ಟಿಳಿದ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಕಥೆ ಅಂಥದು. ಕಿರುತೆರೆಯ ಮಾತುಕತೆಯಲ್ಲಿ ಸಮಯ ಸಾಲದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಸಾಮಾನ್ಯವಾಗಿ ಎಲ್ಲರೂ ‘ರೆ’ ಹಚ್ಚುವುದು ಒಬ್ಬ ಕಾವಲುಗಾರನಿಗೆ. 1972ರ ಜೂನ್ 17ರ ನಡುರಾತ್ರಿ ಕಳೆದ ಮೇಲೆ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ಫ್ರಾಂಕ್ ವಿಲ್ಸ್ ಎಂಬ ಕಾವಲುಗಾರರು, ಬಾಗಿಲೊಂದರ ಚಿಲಕ ಬೀಳದಂತೆ ಅಂಟುಪಟ್ಟಿ ಹಚ್ಚಿರುವುದನ್ನು ಕಂಡರು. ಕೆಲಸದವರು ಮರೆತಿರಬೇಕೆಂದು ಕಿತ್ತುಹಾಕಿದರು. ಸ್ವಲ್ಪ ಹೊತ್ತಿನ ಬಳಿಕ ಬಂದು ನೋಡಿದರೆ ಅಲ್ಲಿಯೇ ಮತ್ತೆ ಪಟ್ಟಿ! ಪೊಲೀಸರಿಗೆ ಫೋನ್ ಹೋಯಿತು. ಡೆಮಾಕ್ರಟಿಕ್ ಪಕ್ಷದ ಕಚೇರಿಯೊಳಗೆ ಐವರು ಸಿಕ್ಕಿಬಿದ್ದರು.

ಆ ಎರಡನೆಯ ಪಟ್ಟಿ ಕಣ್ಣಿಗೆ ಬೀಳದಿದ್ದರೆ ನಿಕ್ಸನ್ ಉಳಿಯುತ್ತಿದ್ದರೆ? ಇರಬಹುದು. ಆದರೆ ಒಂದು ಸಂಗತಿ ಗಮನಿಸಿ. ಕಳ್ಳರು ಸಿಕ್ಕಿಬಿದ್ದು ಐದು ತಿಂಗಳು ತುಂಬುವ ಮೊದಲೇ ನಡೆದ ಚುನಾವಣೆಯಲ್ಲಿ ನಿಕ್ಸನ್ 50 ರಾಜ್ಯಗಳ ಪೈಕಿ 49ನ್ನು ಗೆದ್ದರು. ಕಳ್ಳತನ ಅವರನ್ನು ಅಲುಗಾಡಿಸಲಿಲ್ಲ. ಅಲುಗಾಡಿಸಿದ್ದು ಅವರದೇ ದನಿ.

1973ರ ಜೂನ್ ಕೊನೆಯಲ್ಲಿ ಶ್ವೇತಭವನದ ವಕೀಲರಾಗಿದ್ದ ಜಾನ್ ಡೀನ್ ಸೆನೆಟ್ ಸಮಿತಿಯ ಮುಂದೆ, ಪ್ರಕರಣ ಮುಚ್ಚಿಹಾಕುವುದರಲ್ಲಿ ಅಧ್ಯಕ್ಷರ ಕೈಯಿದೆ ಎಂದರು. ಅಧ್ಯಕ್ಷರು ಇಲ್ಲವೆಂದರು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು; ಅಲ್ಲಿಗೆ ಮುಗಿಯಿತು ಎನ್ನಿ. ಆದರೆ ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಮಾಜಿ ಸಹಾಯಕರು ಬಾಯಿಬಿಟ್ಟರು: 1971ರಿಂದ ಅಧ್ಯಕ್ಷರ ಕೋಣೆಯ ಮಾತುಕತೆಯೆಲ್ಲ ಧ್ವನಿಸುರುಳಿಯಲ್ಲಿ ದಾಖಲಾಗುತ್ತಿದೆ.

ಆಗ ನಿಕ್ಸನ್ ನ್ಯುಮೋನಿಯಾದಿಂದ ನೌಕಾಪಡೆಯ ಆಸ್ಪತ್ರೆಯಲ್ಲಿದ್ದರು. ಸುರುಳಿಗಳನ್ನು ಒಪ್ಪಿಸಬೇಕೆಂಬ ಆದೇಶ ಬಂದದ್ದು ಜುಲೈ 23ರಂದು. ನಡುವೆ ಉಳಿದದ್ದು ಒಂದು ವಾರ. ಸುಟ್ಟುಬಿಡಿ ಎಂದರು ಕೆಲವು ಸಲಹೆಗಾರರು. ಅದೇ ಅಪರಾಧವಾಗುತ್ತದೆ ಎಂದರು ಮತ್ತೆ ಕೆಲವರು. ನಿಕ್ಸನ್ ಸುಡಲಿಲ್ಲ. ಮುಂದೆ ಅವರೇ ಅದಕ್ಕಾಗಿ ಹಲುಬಿದರು. ನನ್ನ ‘ರೆ’ ಇರುವುದು ಈ ಒಂದು ವಾರದಲ್ಲಿ.

ಸುಟ್ಟಿದ್ದರೆ ಗದ್ದಲ ಕಡಿಮೆಯಾಗುತ್ತಿರಲಿಲ್ಲ. ಆದರೆ ಸಂದೇಹ ಬೇರೆ, ಸಾಕ್ಷ್ಯ ಬೇರೆ. 1974ರ ಜುಲೈ ಕೊನೆಯಲ್ಲಿ ಪ್ರತಿನಿಧಿ ಸಭೆಯ ಸಮಿತಿ ವಾಗ್ದಂಡನೆಗೆ ಮತ ಹಾಕಿದಾಗಲೂ ಅವರ ಪಕ್ಷದ ಹಲವರು ನೇರ ಪುರಾವೆ ಎಲ್ಲಿ ಎಂದು ಕೇಳುತ್ತಿದ್ದರು. ಸುಪ್ರೀಂ ಕೋರ್ಟಿನ 8 ನ್ಯಾಯಮೂರ್ತಿಗಳ ಒಮ್ಮತದ ತೀರ್ಪಿನಿಂದಾಗಿ ಆಗಸ್ಟ್ 5ರಂದು ಒಂದು ಸುರುಳಿಯ ಪಾಠ ಹೊರಬಂತು. ಕಳ್ಳತನ ನಡೆದ ಆರೇ ದಿನಕ್ಕೆ, ಸಿ.ಐ.ಎ. ಮೂಲಕ ಎಫ್.ಬಿ.ಐ. ತನಿಖೆ ತಡೆಯಲು ಅಧ್ಯಕ್ಷರು ಒಪ್ಪಿದ್ದು ಅದರಲ್ಲಿತ್ತು. ಪುರಾವೆ ಕೇಳಿದವರೇ ತಿರುಗಿಬಿದ್ದರು. ನಾಲ್ಕು ದಿನಗಳಲ್ಲಿ ಎಲ್ಲ ಮುಗಿಯಿತು.

ಸೆನೆಟ್‌ನಲ್ಲಿ ಅಧ್ಯಕ್ಷರನ್ನು ಕಿತ್ತುಹಾಕಲು ಮೂರನೆಯ ಎರಡರಷ್ಟು ಮತ ಬೇಕು. ಆ ಸುರುಳಿಯಿಲ್ಲದೆ ಅಷ್ಟು ಮತ ಕೂಡುತ್ತಿರಲಿಲ್ಲವೆಂದೇ ನನ್ನ ಎಣಿಕೆ. 1977ರ ಜನವರಿವರೆಗೆ ನಿಕ್ಸನ್ ಕುಂಟುತ್ತ ಕುರ್ಚಿಯಲ್ಲಿ ಉಳಿಯುತ್ತಿದ್ದರು. ಜೆರಾಲ್ಡ್ ಫೋರ್ಡ್ ಅವರಿಗೆ ಕ್ಷಮಾದಾನ ನೀಡುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಕ್ಷಮಾದಾನದ ಸಿಟ್ಟೂ ನೆರವಾಗಿ 1976ರಲ್ಲಿ ಗೆದ್ದ ಜಿಮ್ಮಿ ಕಾರ್ಟರ್ ಜಾರ್ಜಿಯಾದಲ್ಲಿ ಕಡಲೆಕಾಯಿ ಬೆಳೆಯುತ್ತಲೇ ಇರುತ್ತಿದ್ದರೋ ಏನೋ. ಸೈಗಾನ್ ಉಳಿಯುತ್ತಿತ್ತು ಎನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಇಂಡೋಚೀನಾದಲ್ಲಿ ಬಾಂಬು ಹಾಕುವುದು 1973ರ ಆಗಸ್ಟ್ 15ಕ್ಕೆ ನಿಲ್ಲಬೇಕೆಂದು ಕಾಂಗ್ರೆಸ್ ಅದಾಗಲೇ ವಿಧಿಸಿಯಾಗಿತ್ತು.

ಇನ್ನೊಂದು ‘ರೆ’ಯನ್ನು ಹೆಚ್ಚಿನವರು ಮರೆಯುತ್ತಾರೆ. ಲಂಚ ಹಾಗೂ ತೆರಿಗೆಯ ಬೇರೆಯದೇ ಹಗರಣದಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ 1973ರ ಅಕ್ಟೋಬರ್ 10ರಂದು ರಾಜೀನಾಮೆ ಕೊಟ್ಟರು. ಡಿಸೆಂಬರ್ 6ರಂದು ಫೋರ್ಡ್ ಬರುವತನಕ ಆ ಸ್ಥಾನ ಖಾಲಿ. ಆ 57 ದಿನಗಳಲ್ಲಿ ನಿಕ್ಸನ್ ಬಿದ್ದಿದ್ದರೆ ಅಧ್ಯಕ್ಷ ಪದವಿ ಸಭಾಧ್ಯಕ್ಷ ಕಾರ್ಲ್ ಆಲ್ಬರ್ಟ್ ಅವರಿಗೆ, ಅಂದರೆ ಚುನಾವಣೆಯಲ್ಲಿ ಮಣ್ಣು ಮುಕ್ಕಿದ್ದ ಡೆಮಾಕ್ರಟಿಕ್ ಪಕ್ಷಕ್ಕೇ ದಕ್ಕುತ್ತಿತ್ತು.

ಸುರುಳಿಗಳು ಸುಟ್ಟಿದ್ದರೆ ನಮಗೂ ಒಂದು ನಷ್ಟ ತಪ್ಪುತ್ತಿರಲಿಲ್ಲ. 1971ರ ಬಾಂಗ್ಲಾ ಸಂಕಟದ ವೇಳೆ ಇಂದಿರಾ ಗಾಂಧಿ ಅವರನ್ನೂ ಭಾರತೀಯರನ್ನೂ ಕುರಿತು ನಿಕ್ಸನ್, ಕಿಸಿಂಜರ್ ಆಡಿದ ಕೀಳು ಮಾತುಗಳನ್ನು 2005ರಲ್ಲಿ ಅಮೆರಿಕ ಸರ್ಕಾರವೇ ಪ್ರಕಟಿಸಿತು. ಅವು ಸಿಕ್ಕಿದ್ದು ಈ ಸುರುಳಿಗಳಿಂದಲೇ.

ಒಟ್ಟು ಧ್ವನಿಮುದ್ರಣ ಸುಮಾರು 3,700 ಗಂಟೆ. ಅದರಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ತುಣುಕು ಮಾತ್ರ ಇಲ್ಲ: ಕಳ್ಳತನವಾದ ಮೂರು ದಿನಕ್ಕೆ ನಿಕ್ಸನ್ ತಮ್ಮ ಆಪ್ತ ಹಾಲ್ಡಮನ್ ಜೊತೆ ಆಡಿದ ಹದಿನೆಂಟೂವರೆ ನಿಮಿಷದ ಮಾತು. ಕನಿಷ್ಠ ಐದು ಬಾರಿ ಯಾರೋ ಅಳಿಸಿದ್ದಾರೆಂದು ನ್ಯಾಯಾಲಯ ನೇಮಿಸಿದ ತಜ್ಞರು ಹೇಳಿದರು. ಅದನ್ನು ಮರಳಿ ಪಡೆಯುವ ಯತ್ನವನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರ 2003ರಲ್ಲಿ ಕೈಬಿಟ್ಟಿತು. ಹಚ್ಚಿ ಕೇಳಿದರೆ ಈಗಲೂ ಬರುವುದು ಬರಿಯ ಗುಂಯ್ ಎಂಬ ಸದ್ದು.