ನೈಜತೆಯ ಮೇಲಿನ ವ್ಯಾಜ್ಯ: ‘ಲಾ ವೀ ದಾದೆಲ್’ ಚಿತ್ರದ ಸ್ವೀಕೃತಿ

2013ರ ಮೇ 26, ಭಾನುವಾರ. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡುವ ಕಾಯ್ದೆ ಫ್ರಾನ್ಸಿನಲ್ಲಿ ಜಾರಿಗೆ ಬಂದು ವಾರ ಕಳೆದಿತ್ತಷ್ಟೆ. ಅದನ್ನು ವಿರೋಧಿಸುವವರ ದೊಡ್ಡ ಮೆರವಣಿಗೆ ಅಂದು ಪ್ಯಾರಿಸಿನ ಬೀದಿಗಳಲ್ಲಿ ಸಾಗಿತು. ಅದೇ ಸಂಜೆ ಕಾನ್ ಚಿತ್ರೋತ್ಸವದಲ್ಲಿ, ಇಬ್ಬರು ಯುವತಿಯರ ಪ್ರೇಮ ಮತ್ತು ಅಗಲಿಕೆಯ ಕಥೆ ಹೇಳುವ ‘ಲಾ ವೀ ದಾದೆಲ್’ ಚಿತ್ರಕ್ಕೆ ಪಾಮ್ ದೋರ್ ಘೋಷಣೆಯಾಯಿತು. ಈ ಕಾಕತಾಳೀಯದಿಂದಾಗಿ, ಚಿತ್ರದ ಸುತ್ತ ಮುಂದೆ ಎದ್ದ ವಿವಾದವನ್ನು ಸಂಪ್ರದಾಯಸ್ಥರಿಗೂ ಉದಾರವಾದಿಗಳಿಗೂ ನಡೆದ ಜಗಳವೆಂದು ಓದಿಬಿಡುವುದು ಸುಲಭ. ಆದರೆ ಆ ಓದು ನಿಲ್ಲುವುದಿಲ್ಲ. ಚಿತ್ರದ ಮೇಲಿನ ಅತ್ಯಂತ ಹರಿತವಾದ ಆಕ್ಷೇಪಗಳು ಬಂದದ್ದು ಅದನ್ನು ಎದೆಗಪ್ಪಿಕೊಳ್ಳಬೇಕಾಗಿದ್ದ ಕಡೆಯಿಂದಲೇ. ವಿಮರ್ಶಕರು, ಮೂಲ ಕೃತಿಕಾರರು, ನಟಿಯರು, ನ್ಯಾಯಾಧೀಶರು ತಂತಮ್ಮ ಕಾರಣಗಳಿಗಾಗಿ ಚರ್ಚಿಸಿದ್ದು ಅಶ್ಲೀಲತೆಯನ್ನಲ್ಲ, ನೈಜತೆಯನ್ನು ಎಂಬುದು ಈ ಲೇಖನದ ವಾದ. ತೆರೆಯ ಮೇಲಿನ ಪ್ರೇಮ ನಿಜವೆನ್ನಲು ಯಾರಿಗೆ ಅಧಿಕಾರವಿದೆ ಎಂಬ ಪ್ರಶ್ನೆ ಅವರೆಲ್ಲರ ಮುಂದೆಯೂ ಇತ್ತು.

ನಿರ್ದೇಶಕ ಅಬ್ದೆಲತೀಫ್ ಕೆಶಿಶ್ ಹುಟ್ಟಿದ್ದು ಟ್ಯೂನಿಸ್‌ನಲ್ಲಿ, 1960ರಲ್ಲಿ. ‘ಲೆಸ್ಕೀವ್’ (2003) ಮತ್ತು ‘ಲಾ ಗ್ರೆನ್ ಎ ಲ ಮ್ಯೂಲೆ’ (2007) ಚಿತ್ರಗಳ ಹೊತ್ತಿಗೇ ಅವರ ಕ್ರಮ ಗಟ್ಟಿಯಾಗಿತ್ತು: ದೀರ್ಘ ದೃಶ್ಯಗಳು, ಮುಖಕ್ಕೆ ಅಂಟಿಕೊಂಡ ಕ್ಯಾಮರಾ, ನಟರು ದಣಿದು ನಟನೆಯನ್ನೇ ಮರೆಯುವವರೆಗೆ ಮತ್ತೆ ಮತ್ತೆ ಟೇಕ್. ಈ ಚಿತ್ರದಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಜೂಲಿ (ಈಗ ಜುಲ್) ಮರೋ ಅವರ 2010ರ ಚಿತ್ರಕಾದಂಬರಿಯ ನಾಯಕಿ ಕ್ಲೆಮಾಂತೀನ್. ಕೆಶಿಶ್ ಆ ಹೆಸರನ್ನು ತೆಗೆದು, ನಟಿ ಅದೆಲ್ ಎಕ್ಸಾರ್ಕೊಪುಲೋಸ್ ಅವರ ಹೆಸರನ್ನೇ ಪಾತ್ರಕ್ಕಿಟ್ಟರು. ಪಾತ್ರ ಮತ್ತು ವ್ಯಕ್ತಿಯ ನಡುವಿನ ಗೆರೆಯನ್ನು ಅಳಿಸುವ ಈ ಹಂಬಲವೇ ಮುಂದಿನ ವಿವಾದದ ಬೀಜ. ಸ್ಟೀವನ್ ಸ್ಪೀಲ್‌ಬರ್ಗ್ ಅಧ್ಯಕ್ಷತೆಯ ತೀರ್ಪುಗಾರರ ಮಂಡಳಿ (ವಿದ್ಯಾ ಬಾಲನ್ ಕೂಡ ಅದರಲ್ಲಿದ್ದರು) ಪ್ರಶಸ್ತಿಯನ್ನು ನಿರ್ದೇಶಕರೊಬ್ಬರಿಗೇ ಕೊಡಲಿಲ್ಲ. ಅದೆಲ್ ಮತ್ತು ಲೇಯಾ ಸೇದೂ ಇಬ್ಬರನ್ನೂ ಸೇರಿಸಿ ಮೂವರಿಗೆ ಹಂಚಿತು. ಕಾನ್ ಇತಿಹಾಸದಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ನಟಿಯರ ದೇಹ ಮತ್ತು ಮುಖಗಳೂ ಈ ಕೃತಿಯನ್ನು ರಚಿಸಿವೆ ಎಂದು ಒಪ್ಪಿದ ತೀರ್ಪು ಅದು.

ಮರುದಿನವೇ ಮರೋ ಅವರ ಬರಹ ಪ್ರಕಟವಾಯಿತು. ಅದನ್ನು ಮೂಲ ಲೇಖಕರ ಅಸಮಾಧಾನವೆಂದು ತಳ್ಳಿಹಾಕಿದವರು ಅದನ್ನು ಪೂರ್ತಿ ಓದಿರಲಾರರು. ರೂಪಾಂತರದ ಸ್ವಾತಂತ್ರ್ಯವನ್ನು ಅವರು ಮನಸಾರೆ ಒಪ್ಪಿದರು, ಚಿತ್ರದ ಕಸುಬನ್ನು ಹೊಗಳಿದರು. ಅವರ ತಕರಾರು ಇದ್ದದ್ದು ಸುಮಾರು ಏಳು ನಿಮಿಷಗಳ ಆ ಮಿಲನ ದೃಶ್ಯದ ಬಗ್ಗೆ. ಚಿತ್ರೀಕರಣದ ಜಾಗದಲ್ಲಿ ಲೆಸ್ಬಿಯನ್ನರೇ ಇರಲಿಲ್ಲವೇನೋ ಎಂದು ಅವರು ಶಂಕಿಸಿದರು. ದೃಶ್ಯ ತಣ್ಣಗಿನ ಪ್ರದರ್ಶನವಾಗಿದೆ ಎಂದರು. ಇದಕ್ಕೆ ಅವರು ಕೊಟ್ಟ ಸಾಕ್ಷ್ಯ ಚಿತ್ರಮಂದಿರದ್ದು: ಜನ ಕಿಸಕ್ಕೆಂದು ನಗುತ್ತಿದ್ದರು. ಕೆಲವರು ಅರ್ಥವಾಗದೆ ನಕ್ಕರು. ಆ ಬದುಕನ್ನು ಬಲ್ಲವರು ನಂಬಲಾಗದೆ ನಕ್ಕರು. ನಗದೆ ಉಳಿದವರು ಕಣ್ಣು ತುಂಬಿಕೊಳ್ಳುವುದರಲ್ಲಿ ಮಗ್ನರಾದವರು ಮಾತ್ರ. ಸ್ವೀಕೃತಿಯ ಅಧ್ಯಯನಕ್ಕೆ ಇದು ಅಮೂಲ್ಯವಾದ ಟಿಪ್ಪಣಿ. ‘ಪ್ರೇಕ್ಷಕ’ ಎಂದು ನಾವು ಏಕವಚನದಲ್ಲಿ ಬರೆಯುವಾಗ ಮರೆಮಾಚುವ ಬಿರುಕುಗಳನ್ನೆಲ್ಲ ಮರೋ ಒಂದೇ ಸಭಾಂಗಣದಲ್ಲಿ ಕಂಡಿದ್ದರು.

‘ನ್ಯೂಯಾರ್ಕ್ ಟೈಮ್ಸ್’ನ ಮಾನೋಲಾ ದಾರ್ಗಿಸ್ ಹಾಸಿಗೆಯಾಚೆಗೂ ಇದೇ ದೂರನ್ನು ಒಯ್ದರು. ಅದೆಲ್ ನಿದ್ರಿಸುವಾಗಲೂ ನಡೆಯುವಾಗಲೂ ಕ್ಯಾಮರಾ ಅವಳ ದೇಹವನ್ನು ಸವರುತ್ತದೆ, ಕಾಣುವುದು ಅವಳ ಬಯಕೆಗಿಂತ ಹೆಚ್ಚಾಗಿ ನಿರ್ದೇಶಕರ ಬಯಕೆ ಎಂಬುದು ಅವರ ನಿಲುವು. ಲಾರಾ ಮಲ್ವಿ 1975ರಲ್ಲಿ ಮುಂದಿಟ್ಟ ಪುರುಷ ನೋಟದ ಪರಿಕಲ್ಪನೆ ಇಲ್ಲಿ ಹಿನ್ನೆಲೆಯಾಗಿ ನಿಂತಿದೆ. ತೆರೆಯ ಮೇಲಿನ ಕಾಮದ ಬಗ್ಗೆ ದಶಕಗಳ ಕಾಲ ಬರೆದ ಲಿಂಡಾ ವಿಲಿಯಮ್ಸ್ ಮಾತ್ರ ಈ ಅವಸರದ ತಿರಸ್ಕಾರವನ್ನು ಒಪ್ಪಲಿಲ್ಲ.

ಚಿತ್ರಕ್ಕೇ ಮರಳೋಣ. ಅದರಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಊಟ. ಅದೆಲಳ ಮನೆಯಲ್ಲಿ ಟಿವಿ ಓಡುತ್ತಿರುತ್ತದೆ, ದೊಡ್ಡ ಪಾತ್ರೆಯಿಂದ ಸ್ಪಗೆಟಿ ಬಡಿಸುತ್ತಾರೆ, ಅವಳ ತುಟಿಗೆ ಸಾಸ್ ಮೆತ್ತಿಕೊಂಡಿರುತ್ತದೆ. ಅವಳ ಪ್ರೇಯಸಿ ಎಮ್ಮಾಳ ಮನೆಯಲ್ಲಿ ಆಯ್ಸ್ಟರ್ ಮತ್ತು ವೈನ್. ಚಿಪ್ಪುಜೀವಿಗಳು ಸೇರದ ಅದೆಲ್ ಅಲ್ಲಿ ಆಯ್ಸ್ಟರ್ ತಿನ್ನುವುದನ್ನು ಕಲಿಯುತ್ತಾಳೆ. ತನ್ನ ಮನೆಯಲ್ಲಿ ಅವಳು ಎಮ್ಮಾಳನ್ನು ತತ್ವಶಾಸ್ತ್ರ ಹೇಳಿಕೊಡುವವಳೆಂದು ಪರಿಚಯಿಸಬೇಕಾಗುತ್ತದೆ. ಮುಂದೆ ಎಮ್ಮಾಳ ಕಲಾವಿದ ಗೆಳೆಯರು ಅಂಗಳದಲ್ಲಿ ಸೇರಿ ಶೀಲೆ, ಕ್ಲಿಮ್ಟ್ ಎಂದು ಚರ್ಚಿಸುವಾಗ, ಅದೆಲ್ ಅವರೆಲ್ಲರಿಗೂ ತನ್ನ ಮನೆಯ ಅದೇ ಸ್ಪಗೆಟಿ ಬಡಿಸುತ್ತಾ ತಿರುಗುತ್ತಾಳೆ, ಆಮೇಲೆ ಪಾತ್ರೆ ತೊಳೆಯುತ್ತಾಳೆ. ಈ ಪ್ರೇಮ ಮುರಿಯಲು ವರ್ಗವೇ ಕಾರಣವೆಂದು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ತಟ್ಟೆಗಳಲ್ಲಿ ತೋರಿಸುತ್ತದೆ. ಏಳು ನಿಮಿಷಗಳ ಗದ್ದಲದಲ್ಲಿ ಇದು ಬಹುಮಟ್ಟಿಗೆ ಮರೆಯಾದದ್ದು ನಿಜಕ್ಕೂ ನಷ್ಟ.

ಹಾಗೆಂದು ಮರೋ ಅವರ ಆಕ್ಷೇಪ ಕರಗುವುದಿಲ್ಲ. ರೂಪದ ದೃಷ್ಟಿಯಿಂದ ನೋಡಿದರೆ ಅದು ಇನ್ನಷ್ಟು ಬಲವಾಗುತ್ತದೆ. ಉಳಿದೆಡೆ ಮುಖವನ್ನು ಬಿಡದ ಕ್ಯಾಮರಾ, ಸುರಿಯುವ ಮೂಗನ್ನೂ ಒರೆಸಲು ಬಿಡದೆ ಅಳುವನ್ನು ಹಿಡಿಯುವ ಕ್ಯಾಮರಾ, ಈ ದೃಶ್ಯದಲ್ಲಿ ಹಿಂದೆ ಸರಿದು ಇಡೀ ದೇಹಗಳನ್ನು ಚೌಕಟ್ಟಿನೊಳಗೆ ಜೋಡಿಸುತ್ತದೆ. ಬೆಳಕು ಸಮನಾಗುತ್ತದೆ, ಭಂಗಿಗಳು ಶಿಲ್ಪದಂತಾಗುತ್ತವೆ. ಪ್ರೇಮಿಗಳು ಮ್ಯೂಸಿಯಂನಲ್ಲಿ ನಗ್ನ ಪ್ರತಿಮೆಗಳನ್ನು ನೋಡುತ್ತ ನಡೆಯುವ ದೃಶ್ಯವೂ ಚಿತ್ರದಲ್ಲಿದೆ. ಔತಣದಲ್ಲಿ ಗಂಡಸೊಬ್ಬ ಹೆಣ್ಣಿನ ಸುಖದ ರಹಸ್ಯದ ಬಗ್ಗೆ ಪ್ರವಚನ ಮಾಡುತ್ತಾನೆ. ತನ್ನ ನೋಟ ಯಾವ ಪರಂಪರೆಯದೆಂದು ನಿರ್ದೇಶಕರಿಗೆ ಅರಿವಿತ್ತು ಎಂಬುದಕ್ಕೆ ಇವು ಪುರಾವೆ. ಆದರೆ ಅರಿವಿದ್ದ ಮಾತ್ರಕ್ಕೆ ಆ ನೋಟದಿಂದ ಬಿಡುಗಡೆ ಸಿಕ್ಕಂತಾಗುವುದಿಲ್ಲ. ಊಟದ ದೃಶ್ಯಗಳಲ್ಲಿ ಚಿತ್ರ ಗಳಿಸಿದ ನಂಬಿಕೆ ಹಾಸಿಗೆಯಲ್ಲಿ ಸಡಿಲಗೊಳ್ಳುತ್ತದೆ.

ಮೂರನೆಯ ಸಾಕ್ಷ್ಯ ತೆರೆಯ ಹಿಂದಿನದು. ಕಾನ್ ಪ್ರದರ್ಶನದ ಹೊತ್ತಿಗೇ ತಂತ್ರಜ್ಞರ ಕಾರ್ಮಿಕ ಸಂಘವೊಂದು, ಚಿತ್ರೀಕರಣದಲ್ಲಿ ದುಡಿಮೆಯ ನಿಯಮಗಳನ್ನು ಪಾಲಿಸಿಲ್ಲವೆಂದು ಹೇಳಿಕೆ ಹೊರಡಿಸಿತ್ತು. ಸೆಪ್ಟೆಂಬರಿನಲ್ಲಿ ಇಬ್ಬರೂ ನಟಿಯರು ಅಮೆರಿಕದ ಸಂದರ್ಶನವೊಂದರಲ್ಲಿ ಮಾತಾಡಿದರು: ಆ ದೃಶ್ಯಕ್ಕೇ ಹತ್ತು ದಿನ ಹಿಡಿಯಿತು, ಕೃತಕ ಅಂಗಗಳನ್ನು ಧರಿಸಿದ್ದೆವು, ಈ ನಿರ್ದೇಶಕರ ಜೊತೆ ಮತ್ತೆ ಕೆಲಸ ಮಾಡುವುದಿಲ್ಲ. ಕೆಶಿಶ್ ಕೆರಳಿದರು. ಇಷ್ಟು ಕೆಸರು ಮೆತ್ತಿಕೊಂಡ ಚಿತ್ರ ಬಿಡುಗಡೆಯೇ ಆಗಬಾರದು ಎನ್ನುವವರೆಗೆ ಹೋದರು. ಇಷ್ಟು ಸೊಗಸಾದ ವೃತ್ತಿಯಲ್ಲಿರುವವರು ನೋವಿನ ಮಾತಾಡುವುದು ಸರಿಯೇ ಎಂದೂ ಕೇಳಿದರು. ಸೇದೂ ಪ್ರಬಲ ಚಿತ್ರೋದ್ಯಮಿ ಕುಟುಂಬದವರು, ಕೆಶಿಶ್ ವಲಸಿಗ ದುಡಿಮೆಗಾರರ ಮನೆಯವರು ಎಂಬುದನ್ನು ನೆನೆದರೆ, ಚಿತ್ರದೊಳಗಿನ ವರ್ಗಸಂಘರ್ಷ ಪತ್ರಿಕೆಗಳ ಪುಟಕ್ಕೆ ಇಳಿದಂತೆ ಕಾಣುತ್ತದೆ. ಆದರೂ ಈ ಉತ್ತರ ನ್ಯಾಯವಾದುದಲ್ಲ. ಸಿರಿವಂತರ ಮನೆಯ ನಟಿಯ ದಣಿವೂ ದಣಿವೇ. ಅದೆಲ್ ಅವರಿಗಂತೂ ಆಗ ಹತ್ತೊಂಬತ್ತರ ಆಸುಪಾಸಿನ ವಯಸ್ಸು.

ಅಕ್ಟೋಬರ್ 9ರಂದು ಚಿತ್ರ ಫ್ರಾನ್ಸಿನಲ್ಲಿ ತೆರೆಕಂಡಿತು. ಹನ್ನೆರಡು ವರ್ಷದೊಳಗಿನವರಿಗೆ ಪ್ರವೇಶವಿರಲಿಲ್ಲ. ವಾಸ್ತವಿಕ ಲೈಂಗಿಕ ದೃಶ್ಯಗಳಿಂದ ಎಳೆಯ ಪ್ರೇಕ್ಷಕರಿಗೆ ಆಘಾತವಾಗಬಹುದೆಂಬ ಎಚ್ಚರಿಕೆಯೂ ಪರವಾನಗಿಯ ಜೊತೆಗಿತ್ತು. ಅಮೆರಿಕದಲ್ಲಿ ಹದಿನೇಳು ದಾಟದವರಿಗೆ ನಿಷೇಧಿಸುವ ದರ್ಜೆ ಸಿಕ್ಕಿತು. ನ್ಯೂಯಾರ್ಕಿನ ಐಎಫ್‌ಸಿ ಸೆಂಟರ್ ಅದನ್ನು ಬದಿಗಿಟ್ಟು ಪ್ರೌಢಶಾಲೆಯ ವಯಸ್ಸಿನವರಿಗೂ ಬಾಗಿಲು ತೆರೆಯಿತು. ಫ್ರಾನ್ಸಿನ ವ್ಯಾಜ್ಯ ಮಾತ್ರ ನಿಧಾನವಾಗಿ ಬೆಳೆಯಿತು. ‘ಪ್ರೊಮುವಾರ್’ ಎಂಬ ಸಂಪ್ರದಾಯವಾದಿ ಸಂಘದ ಅರ್ಜಿಯ ಮೇಲೆ ಪ್ಯಾರಿಸಿನ ಆಡಳಿತಾತ್ಮಕ ಮೇಲ್ಮನವಿ ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ಪ್ರದರ್ಶನ ಪರವಾನಗಿಯನ್ನು ರದ್ದುಪಡಿಸಿತು. ದೃಶ್ಯಗಳು ತೀರಾ ವಾಸ್ತವಿಕವಾಗಿವೆ, ಎಳೆಯರ ಮನಸ್ಸಿಗೆ ಘಾಸಿಯಾಗುತ್ತದೆ ಎಂಬುದು ಅದರ ಕಾರಣ. 2016ರ ಸೆಪ್ಟೆಂಬರ್ 28ರಂದು ಸರ್ವೋಚ್ಚ ಆಡಳಿತ ನ್ಯಾಯಾಲಯವಾದ ಕೊನ್ಸೇಯ್ ದೇತಾ ಆ ತೀರ್ಪನ್ನು ತಳ್ಳಿಹಾಕಿತು. ದೃಶ್ಯಗಳು ವಾಸ್ತವಿಕವಾಗಿದ್ದರೂ ಅಭಿನಯಿಸಿದವು, ಹಿಂಸೆ ಇಲ್ಲ, ಹೀಯಾಳಿಸುವ ಉದ್ದೇಶವಿಲ್ಲ, ಕಥೆಯೊಳಗೆ ಹೊಂದಿಕೊಂಡಿವೆ ಎಂದು ಅದು ವಿವರಿಸಿತು.

ಮರೋ ಅವರಿಗೆ ಸುಳ್ಳಾಗಿ ಕಂಡ ದೃಶ್ಯ ಕೆಳಗಿನ ನ್ಯಾಯಾಲಯಕ್ಕೆ ಮಿತಿಮೀರಿ ನಿಜವಾಗಿ ಕಂಡಿತ್ತು. ಅದು ಬರೀ ಅಭಿನಯವೆಂದು ಮೇಲಿನ ನ್ಯಾಯಾಲಯ ಹೇಳಿ ಚಿತ್ರವನ್ನು ಉಳಿಸಿತು. ಅದೇ ಸಂಗತಿಯನ್ನು ಮೂರು ವರ್ಷ ಮುಂಚೆ ನಟಿಯರು ಹೇಳಿದಾಗ ಅದು ಕೃತಘ್ನತೆಯೆನಿಸಿಕೊಂಡಿತ್ತು. ಆ ಅಭಿನಯಕ್ಕೆ ಹಿಡಿದ ಹತ್ತು ದಿನಗಳ ವಿಚಾರ ಯಾವ ಪೀಠದ ಮುಂದೆಯೂ ಬರಲಿಲ್ಲ. ಅಲ್ಲಿ ಇತ್ಯರ್ಥವಾಗಬೇಕಿದ್ದದ್ದು ನೋಡುವವರ ವಯಸ್ಸು ಮಾತ್ರ.